ಗಂಟಲಲ್ಲಿ ಸಿಕ್ಕ ಮೂಳೆ

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಆದ ಮರುದಿನ ಡಾಕ್ಟರು ಪುಟ್ಟ ಬಾಟಲಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಅರ್ಧ ಬೆಂಕಿಕಡ್ಡಿಯಷ್ಟು ಉದ್ದದ ಮೂಳೆ. ಕಿವಿಯ ಕೆಳಗೆ ಎಲ್ಲರಿಗೂ ಇರುವ ಈ ಮೂಳೆ ನನಗೆ ಗಂಟಲವರೆಗೂ ಬೆಳೆದಿತ್ತಂತೆ. ಬಾಯೊಳಗಿಂದಲೇ ಕತ್ತರಿಸಿ ತೆಗೆದಿದ್ದರು.

"ನಿಮ್ಮದೇ ಮೂಳೆ ಕಣಮ್ಮ," ಎಂದರು.

ನಾಲ್ಕು ವರ್ಷದ ಹಿಂದೆ, ನುಂಗಿದಾಗೆಲ್ಲ ಮೂಳೆ ಸಿಕ್ಕಂತೆ ಚುಚ್ಚುತ್ತದೆ ಎಂದು ಅತ್ತೆಯ ಬಳಿ ಹೇಳಿಕೊಂಡಿದ್ದೆ. "ಲಿಂಗ ಕಟ್ಕಂಡಿರೋ ಕೊರಳಾಗೆ ಮೂಳೆ ಎಲ್ಲಿಂದ ಬಂತೇ? ಎಲ್ಲಿ ತಿಂದ್ ಬಂದೆ?" ಎಂದು ನಗುತ್ತಲೇ ಕೇಳಿದ್ದರು. ಮರುದಿನದಿಂದ ನನ್ನ ತಟ್ಟೆ ಬೇರೆಯಾಯಿತು. ಆಮೇಲೆ ಅತ್ತೆಯ ಮುಂದೆ ನೋವಿನ ಸುದ್ದಿಯನ್ನೇ ನಾನು ಎತ್ತಲಿಲ್ಲ.

ಬಾಟಲಿ ಹಿಡಿದು ಹೊಳಲ್ಕೆರೆಯ ಮನೆಗೆ ಬಂದೆ. ಅತ್ತೆ ಹೋದ ವರ್ಷವೇ ತೀರಿಕೊಂಡಿದ್ದರು. ಈಗ ನುಂಗಿದರೆ ನೋವಿಲ್ಲ. ಊಟ ಮಾತ್ರ ಅದೇ ತಟ್ಟೆಯಲ್ಲಿ. ಬೇರೆ ತಟ್ಟೆ ಇನ್ನು ಬೇಡ ಎನ್ನಬೇಕಾದವರೇ ಇಲ್ಲ.