ಅಂಜಿನಪ್ಪನಿಗೆ ಸೊಣ್ಣಪ್ಪನ ಪ್ಯಾಂಟು

ಅರುಣಾ ಹೊಸಕೋಟೆ ಕಡೆಯ ವಿಜಯಪುರದವಳು. ಮನೆಯಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನು. ಆ ಸದ್ದಿನಲ್ಲೇ ಬೆಳೆದವಳು ಪಿಸುಗುಟ್ಟಿದರೂ ಆಚೆ ಊರು ಸೂಲಿಬೆಲೆಯಲ್ಲಿ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವು. ತೊಂಬತ್ತಾರರಲ್ಲಿ ಪಿಲ್ಲಗುಂಪೆಯ ನಮ್ಮ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಟೈಮ್ ಆಫೀಸಿಗೆ ಸೇರಿದಳು. ಕೆಲಸ ಟೆಂಪರರಿ. ಆಯುಧಪೂಜೆ ಕಳೆದ ಮೇಲೆ ಅವಳು ಉಳಿಯುತ್ತಾಳೋ ಮನೆಗೆ ಹೋಗುತ್ತಾಳೋ ಎಂಬುದು ಟೈಮ್ ಆಫೀಸರ್ ವೇಣುಗೋಪಾಲ್ ಬರೆಯುವ ಒಂದು ಸಾಲಿನ ಮೇಲೆ ನಿಂತಿತ್ತು.

ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಏಸಿ ರೂಮು. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಗುಡಿಯಲ್ಲೂ ಇಷ್ಟು ಮಡಿ ಇರಲಿಲ್ಲ. ಅರುಣಾ ಅದರಲ್ಲಿ ಎಕ್ಸೆಲ್ ಕಲಿತಳು, ಆಮೇಲೆ ಮ್ಯಾಕ್ರೋ ಕಲಿತಳು. ನಾವು ಒಂದು ಸಲ ಮಾಡಿ ತೋರಿಸಿದ ಕೆಲಸವನ್ನು ನೆನಪಿಟ್ಟುಕೊಂಡು, ಗುಂಡಿ ಒತ್ತಿದಾಗಲೆಲ್ಲ ಹಾಗೇ ಮಾಡುವುದು ಮ್ಯಾಕ್ರೋ. ತಪ್ಪು ತೋರಿಸಿದರೆ ತಪ್ಪನ್ನೂ ಅಷ್ಟೇ ಭಕ್ತಿಯಿಂದ ಮಾಡುತ್ತದೆ.

ಪೂಜೆಗೆ ಎಲ್ಲರಿಗೂ ಹೊಸ ಯೂನಿಫಾರಂ. ಅಳತೆಗಳ ಪಟ್ಟಿ ಇದ್ದದ್ದು ಕೆಲಸಗಾರರ ಟೋಕನ್ ನಂಬರಿನ ಪ್ರಕಾರ. ಹೊಸಕೋಟೆಯ ದರ್ಜಿ ಕೇಳಿದ್ದು ಹೆಸರಿನ ಎಬಿಸಿಡಿ ಪ್ರಕಾರ. ಅರುಣಾ ಅದಕ್ಕೊಂದು ಮ್ಯಾಕ್ರೋ ಮಾಡಿ, ಹತ್ತು ಹೆಸರು ಹಾಕಿ ನೋಡಿದಳು. ಸರಿ ಬಂತು. ಇಡೀ ಪಟ್ಟಿಗೆ ಗುಂಡಿ ಒತ್ತಿದಳು. ಫಿಟ್ಟರ್ ಮುನಿವೆಂಕಟಪ್ಪ ಸೀನಲು ಬಾಯಿ ತೆರೆದವನು ಮುಚ್ಚುವುದರೊಳಗೆ ಕೆಲಸ ಮುಗಿದಿತ್ತು.

ಪೂಜೆಯ ಹಿಂದಿನ ದಿನ ಕ್ಯಾಂಟೀನಿನಲ್ಲಿ ಬಟ್ಟೆ ಹಂಚಿದರು. ಕುಳ್ಳ ಅಂಜಿನಪ್ಪ ಪ್ಯಾಂಟು ಏರಿಸಿದ. ಅದು ಕಂಕುಳು ಮುಟ್ಟಿದ ಮೇಲೂ ಒಂದು ಮೊಳ ನೆಲದ ಮೇಲೆ ಹರಡಿತ್ತು.

“ಲೇ ಅಂಜಿನಿ, ಒಳಗೇ ಇದ್ದೀಯೇನ್ಲಾ?” ಎಂದ ಮುನಿವೆಂಕಟಪ್ಪ.

“ನಗ್ಬೇಡ ಕಣೋ, ನಿಂದು ಮೊಣಕಾಲೇ ದಾಟಿಲ್ಲ!”

ವಾಚ್‌ಮನ್ ಸೊಣ್ಣಪ್ಪ ನಿಂತರೆ ಮೋಡಕ್ಕೆ ತಲೆ ತಗಲುತ್ತಿತ್ತು. ಅವನಿಗೆ ಬಂದದ್ದು ಚಡ್ಡಿಯೋ ಪ್ಯಾಂಟೋ ಎಂದು ಯಾರಿಗೂ ತಿಳಿಯಲಿಲ್ಲ.

ದರ್ಜಿ ಓಡಿ ಬಂದ. “ನೀವು ಕೊಟ್ಟ ಲಿಸ್ಟಂಗೇ ಹೊಲ್ದಿದೀನಿ ಸಾರ್!”

ವೇಣುಗೋಪಾಲ್ ಅರುಣಾಳನ್ನು ಪಕ್ಕಕ್ಕೆ ಕರೆದರು. “ದರ್ಜಿ ತಪ್ಪು ಅಂದ್ಬಿಡಮ್ಮ. ನಾಳೆ ಎಂ.ಡಿ. ಬರ್ತಾರೆ. ನಿನ್ ಕೆಲ್ಸ ಹೋಗುತ್ತೆ.”

“ಅವ್ರ ಹೊಟ್ಟೆ ಮೇಲೆ ಹೊಡೀಬಾರ್ದು ಸಾರ್. ತಪ್ಪು ನಂದೇ,” ಎಂದು ಅವಳು ಪಿಸುಗುಟ್ಟಿದಳು. ಇಡೀ ಕ್ಯಾಂಟೀನು ತಿರುಗಿ ನೋಡಿತು.

“ಹೆಸ್ರು, ಅಳತೆ ಎರಡೆಳೆ ಹುರಿ ಇದ್ದಂಗೆ ಸಾರ್. ಒಂದೆಳೆ ಎಳುದ್ರೆ ಇನ್ನೊಂದೂ ಬರ್ಬೇಕು. ನಾನು ಹೆಸ್ರಿನ ಕಾಲಂ ಮಾತ್ರ ಹಿಡ್ದು ಜರುಗಿಸ್ಬಿಟ್ಟೆ.”

“ಹತ್ತು ಹೆಸ್ರು ಹಾಕಿ ನೋಡ್ದೆ ಅಂದ್ಯಲ್ಲ?”

“ಆ ಹತ್ತೂ ಮೊದ್ಲೇ ಎಬಿಸಿಡಿ ಪ್ರಕಾರ ಇದ್ವು ಸಾರ್. ಯಾವ್ದೂ ಜರುಗ್ಲೇ ಇಲ್ಲ, ತಪ್ಪು ಕಾಣ್ಲಿಲ್ಲ. ಹೆಸ್ರು ಮಾತ್ರ ಓಡಾಡಿದಾವೆ, ಅಳತೆಗಳು ಟೋಕನ್ ಪ್ರಕಾರ ಇದ್ದಲ್ಲೇ...” ಎಂದವಳು ತಟ್ಟನೆ ನಿಂತಳು. ಬೆಂಚು ಹತ್ತಿದಳು.

“ಅಣ್ಣಾ, ಎಲ್ರೂ ದರ್ಜಿ ಲಿಸ್ಟ್ ಪ್ರಕಾರ ಸಾಲಾಗಿ ನಿಂತ್ಕೊಳ್ಳಿ! ಬಟ್ಟೆ ಮಡಿಚಿ ಮುಂದಕ್ಕೆ ಇಡಿ. ಈಗ ಬಟ್ಟೆ ಮುಟ್ಬೇಡಿ, ನೀವು ಮಾತ್ರ ಜರುಗಿ. ಟೋಕನ್ ನಂಬರ್ ಪ್ರಕಾರ!”

ಎದ್ದ ಧೂಳಿಗೆ ಹೊಸಕೋಟೆಯಲ್ಲಿ ಸಂಜೆಯಾಯಿತೆಂದು ದೀಪ ಹಚ್ಚಿದರಂತೆ. ಧೂಳು ಇಳಿದಾಗ, ಟೋಕನ್ ನಂಬರ್ ಒಂದರ ಸೊಣ್ಣಪ್ಪ, ಲಿಸ್ಟಿನ ಮೊದಲಿಗ ಅಂಜಿನಪ್ಪ ಇಟ್ಟ ಬಟ್ಟೆಯ ಮುಂದೆ ನಿಂತಿದ್ದ. ತೊಟ್ಟುಕೊಂಡ. ಅಳೆದು ಹೊಲಿದಂತಿತ್ತು, ಹೊಲಿದದ್ದೇ ಅವನ ಅಳತೆಗೆ. ಎಲ್ಲರಿಗೂ ಹಾಗೇ ಆಯಿತು.

ಮುನಿವೆಂಕಟಪ್ಪನ ಗುಂಡಿ ಮಾತ್ರ ಕೂಡಲಿಲ್ಲ. ವೇಣುಗೋಪಾಲ್ ಅರುಣಾಳತ್ತ ತಿರುಗಿದರು.

“ಅದು ಅರುಣಮ್ಮನ ತಪ್ಪಲ್ಲ ಸಾಮಿ,” ಎಂದಳು ಕ್ಯಾಂಟೀನಿನ ಅಕ್ಕಯ್ಯಮ್ಮ. “ಅಳತೆ ಕೊಟ್ಮೇಲೆ ನನ್ ಮುದ್ದೆ ಜಾಸ್ತಿ ತಿಂದವ್ನೆ.”

ಪೂಜೆಯ ದಿನ ಕಂಪ್ಯೂಟರಿಗೂ ಕುಂಕುಮ ಬಿತ್ತು. ಹಬ್ಬದ ರಜೆ ಮುಗಿದ ಮೇಲೆ ಅರುಣಾ ಮ್ಯಾಕ್ರೋ ತಿದ್ದಿದಳು. ಮೊದಲು ಪಟ್ಟಿಯದೊಂದು ನಕಲು ತೆಗೆದಿಟ್ಟಳು, ಇಡೀ ಪಟ್ಟಿಯನ್ನು ಒಟ್ಟಿಗೆ ಹಿಡಿದಳು, ಹೆಸರುಗಳನ್ನು ಬೇಕೆಂದೇ ಕಲಸಿ ಗುಂಡಿ ಒತ್ತಿದಳು. ವೇಣುಗೋಪಾಲ್ ಬಗ್ಗಿ ನೋಡಿದರು. ಸೊಣ್ಣಪ್ಪನ ಹೆಸರು ತಳಕ್ಕಿಳಿಯಿತು. ಅವನ ಉದ್ದನೆಯ ಅಳತೆಯೂ ಜೊತೆಗೇ ಇಳಿಯಿತು.

ಅವರು ಪೆನ್ನು ತೆಗೆದು ಆ ಒಂದು ಸಾಲು ಬರೆದರು. “ನಾಳೆಯಿಂದ ಪರ್ಮನೆಂಟ್ ಕಣಮ್ಮ. ಇದನ್ನ ನಂಗೂ ಹೇಳ್ಕೊಡು.”

ಅರುಣಾ ಬಹಳ ಮೆಲ್ಲಗೆ “ಥ್ಯಾಂಕ್ಸ್ ಸಾರ್” ಎಂದಳು. ರಸ್ತೆಯಲ್ಲಿ ಹೋಗುತ್ತಿದ್ದ ವಿಜಯಪುರದ ಬಸ್ಸು, ಯಾರೋ ಕೂಗಿದರೆಂದು ನಿಂತಿತು.