ಹಿಂದಿನ ಎಡಬಾಗಿಲ ಸದ್ದು

ಮೊನ್ನೆ ಮದ್ದೂರಿನಲ್ಲಿ ಹನ್ನೊಂದನೇ ದಿನದ ತಿಥಿ ಊಟ ಮುಗಿಸಿ ಬಂದು ಕಾರಿನ ಬಾಗಿಲು ತೆಗೆದಾಗ ಬೆಲ್ಲದ ವಾಸನೆ ಮುಖಕ್ಕೆ ಬಡಿಯಿತು. ಬೆಳಗಿನಿಂದ ಬಿಸಿಲಲ್ಲೇ ನಿಂತಿದ್ದ ಕಾರು. ಕಾದ ತಗಡು, ಹಳೇ ರೆಕ್ಸಿನ್ನು, ಅವೆರಡರ ಅಡಿಯಿಂದ ಆಲೆಮನೆಯ ಕೊಪ್ಪರಿಗೆಯಲ್ಲಿ ಏಳುವಂಥ ಆ ಸಿಹಿ. ನನ್ನ ಹಿಂದೆ ಬರುತ್ತಿದ್ದ ಮಗಳು, "ಇದು ಇನ್ನೂ ಓಗಿಲ್ವಲ್ಲಪ್ಪ" ಅಂದಳು.

ಅದು ಹೋಗುವುದಿಲ್ಲ. ಆ ವಾಸನೆಯನ್ನು ಕಾರಿನ ನೆಲದ ಉದ್ದಕ್ಕೂ ಹಾಸಿಕೊಟ್ಟವರ ತಿಥಿಗೇ ನಾವು ಹೋಗಿದ್ದೆವು.

ಅವರು ಮದ್ದೂರಿನಲ್ಲಿ ಕಾರು, ಟೆಂಪೊಗಳ ಸೀಟು ಹೊಲಿಯುವ ಅಂಗಡಿ ಇಟ್ಟಿದ್ದರು. ಎಲ್ಲರ ಬಾಯಲ್ಲೂ ಕುಶನ್ ಮೇಸ್ತ್ರಿ. ನನ್ನದು ಮಳವಳ್ಳಿಯಲ್ಲಿ ಹಿಟ್ಟಿನ ಗಿರಣಿ. ಕಾರು ನಮ್ಮಪ್ಪನ ಕಾಲದ ಬಿಳಿ ಅಂಬಾಸಿಡರ್. ಅದು ಹೊರಟರೆ ಬೀದಿಯ ಕೊನೆಯ ಮನೆಯವರಿಗೂ ಗೊತ್ತಾಗುತ್ತಿತ್ತು. ಇಂಜಿನ್ನಿನ ಗುಡುಗು, ಬಾಗಿಲುಗಳ ಕಟಕಟ, ನೆಲದ ತಗಡಿನ ನಡುಕ, ಡಿಕ್ಕಿಯೊಳಗೆ ಯಾವುದೋ ಉರುಳಾಟ... ಗಿರಣಿಯಲ್ಲೇ ಬೆಳೆದ ನನಗೆ ಅದು ಸದ್ದು ಅಂತಲೇ ಅನ್ನಿಸಿರಲಿಲ್ಲ. ಅನ್ನಿಸಿದ್ದು ನನ್ನ ಹೆಂಡತಿಗೆ ಕಾಯಿಲೆ ಬಂದ ಮೇಲೆ.

ವಾರಕ್ಕೆ ಎರಡು ಸಲ ಅವಳನ್ನು ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಬಸ್ಸಿನಲ್ಲಿ ಕೂರಲು ಆಗುತ್ತಿರಲಿಲ್ಲ. ಕಾರಿನ ಹಿಂದಿನ ಸೀಟು ಅಗಲ. ಎಡಬಾಗಿಲಿಗೆ ಒರಗಿ ಕಾಲು ಚಾಚಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳಿಗೆ ಅಂತ ಒಂದು ಮೂಲೆ ಇರಲಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಮುಂದೆ ಗಿರಣಿ, ಹಿಂದೆ ಮನೆ. ಬೆಳಕು ಹರಿದರೆ ರಾಗಿ ಚೀಲ ಹೊತ್ತು ಬಂದವರು ಜಗುಲಿ ತುಂಬಿರುತ್ತಿದ್ದರು. ಒಳಗೆ ನಮ್ಮವ್ವ, ಮಗಳು, ನೋಡಲು ಬಂದ ನೆಂಟರು. "ಎಂಗಿದ್ದೀಯವ್ವ?" ಅಂದವರಿಗೆಲ್ಲ ಅವಳದು ಒಂದೇ ಉತ್ತರ: "ಚೆನ್ನಾಗಿವ್ನಿ." ಬಚ್ಚಲಲ್ಲಿ ಸ್ವಲ್ಪ ತಡವಾದರೂ ಹೊರಗಿನಿಂದ ಯಾರಾದರೂ ಕೂಗುತ್ತಿದ್ದರು.

ಕಾರು ಊರು ದಾಟುತ್ತಿದ್ದಂತೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದಳು. ಭುಜ ಅದುರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಒಂದು ದಿನ ಕೂಗಿ ಕೇಳಿದೆ: "ಸದ್ದಿಗೆ ತಲೆ ನೋಯ್ತಾ ಅದಾ?"

ಅವಳು ಸೆರಗು ತೆಗೆಯದೆಯೇ ಹೌದೆಂದು ತಲೆಯಾಡಿಸಿದಳು.

ನಾನು ನಂಬಿದೆ. ಕಾಯಿಲೆಗೆ ನನ್ನ ಕೈಲಿ ಆಗುವುದೇನೂ ಇರಲಿಲ್ಲ. ಸದ್ದಿಗಾದರೂ ಆಗುವುದಿದೆಯಲ್ಲ ಅನ್ನಿಸಿತು. ಕಾರನ್ನು ಮೇಸ್ತ್ರಿಯ ಅಂಗಡಿ ಮುಂದೆ ನಿಲ್ಲಿಸಿದೆ.

"ಅಣ್ಣ, ಇದು ಕಾರಲ್ಲ. ನಿಮ್ ಗಿರಣಿಗೇ ಚಕ್ರ ಕಟ್ಕಂಡ್ ಬಂದಿದ್ದೀರಿ" ಅಂದರು ಅವರು.

ಅವರ ಕೆಲಸದ ರೀತಿಯೇ ಬೇರೆ. ಮೊದಲು ಯಾವ ಸಾಮಾನನ್ನೂ ಮುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು, "ಬೆಸಗರಹಳ್ಳಿಗಂಟ ಓಡ್ಸಿ. ಮಾತಾಡ್ಬ್ಯಾಡಿ" ಅಂದರು. ಕಣ್ಣು ಮುಚ್ಚಿ, ಬಟ್ಟೆಗೆ ಗೀರು ಹಾಕುವ ಸೀಮೆಸುಣ್ಣ ಕೈಯಲ್ಲಿ ಹಿಡಿದು, ಸದ್ದು ಬಂದ ಕಡೆಗೆ ಕೈ ಚಾಚಿ ಗುರುತು ಹಾಕುತ್ತಾ ಹೋದರು. ಬಾಗಿಲಿಗೆ, ಚಾವಣಿಗೆ, ಸೀಟಿನ ಕೆಳಗೆ. ವಾಪಸು ಬರುವ ಹೊತ್ತಿಗೆ ಕಾರಿನ ಒಳಗೆಲ್ಲ ಬಿಳಿ ಗೀರು. "ಸದ್ದುಗೆ ಮನೆ ಇರ್ತದೆ ಕಣಣ್ಣ. ಮನೆ ಸಿಕ್ಬುಟ್ರೆ ಬಾಗ್ಲು ಆಕದು ಸುಲಭ" ಅಂದಿದ್ದರು.

ಎಂಟು ದಿನ ಕೆಲಸ ಮಾಡಿದರು. ನೆಲಕ್ಕೆ ಟಾರು ಶೀಟು, ಅದರ ಮೇಲೆ ಎರಡು ಪದರ ಗೋಣಿಚೀಲ, ಬಾಗಿಲುಗಳ ಹೊಟ್ಟೆಯೊಳಗೆ ತೆಂಗಿನ ನಾರು, ಅಂಚಿಗೆಲ್ಲ ಹೊಸ ರಬ್ಬರು. ಕಾರು ಓಡಿಸಿ ನೋಡಿದರೆ ನನಗೇ ನಂಬಿಕೆ ಬರಲಿಲ್ಲ. ಗಡಿಯಾರ ಕಟ್ಟಿದ್ದರೆ ಅದರ ಟಿಕ್ ಟಿಕ್ ಕೇಳುತ್ತಿತ್ತೇನೋ.

ಮೂರನೇ ದಿನಕ್ಕೆ ಇರುವೆ ಬಂದವು. ಒಂದೆರಡಲ್ಲ, ಸಾಲು ಸಾಲು. ಮೇಸ್ತ್ರಿ ಹಾಸಿದ್ದು ಬೆಲ್ಲ ತುಂಬಿದ್ದ ಚೀಲಗಳಂತೆ! ನಾನು ರೇಗಿದರೆ ಅವರು, "ನಮ್ ಕಡೆ ಗಟ್ಟಿ ಚೀಲ ಅಂದ್ರೆ ಆಲೆಮನೇದೇ ಅಲ್ವಾ? ಮೂರು ನೀರ್ನಲ್ಲಿ ಒಗ್ದಿವ್ನಿ" ಅಂತ ತಲೆ ಕೆರೆದುಕೊಂಡರು. ಕಾರಿನೊಳಗಿದ್ದ ನನ್ನ ಹೆಂಡತಿ, "ನಾಕ್ನೇ ನೀರು ಇರ್ವೆಗೆ ಬುಟ್ಬುಟ್ರಾ ಮೇಸ್ತ್ರಿ?" ಅಂದಳು. ಅಂದು ನಕ್ಕಳು. ಆ ವರ್ಷ ಅವಳು ನಕ್ಕಿದ್ದು ನನಗೆ ನೆನಪಿರುವುದು ಅದೊಂದೇ ಸಲ... ಮೇಸ್ತ್ರಿ ಚೀಲದ ಸಂದಿಗೆಲ್ಲ ಅರಿಶಿನ ಉದುರಿಸಿದರು. ಇರುವೆ ಹೋದವು. ವಾಸನೆ ಉಳಿಯಿತು.

ಆಮೇಲಿನ ಪ್ರಯಾಣಗಳಲ್ಲಿ ಅವಳು ನೆಟ್ಟಗೆ ಕೂರುತ್ತಿದ್ದಳು. ಕೈಗಳು ಮಡಿಲಲ್ಲಿ, ತುಟಿ ಬಿಗಿದು. ಬಳೆ ಅಲುಗಿದರೂ ಮುಂದಕ್ಕೆ ಕೇಳುತ್ತಿತ್ತು. "ಈಗ ಆರಾಮಲ್ವಾ?" ಅಂತ ಕೇಳಿದರೆ "ಊ" ಅನ್ನುತ್ತಿದ್ದಳು. ಒಂದು ಸಂಜೆ ಕಬ್ಬಿನ ಟ್ರ್ಯಾಕ್ಟರುಗಳ ಮಧ್ಯೆ ಸಿಕ್ಕಿಕೊಂಡೆವು. ಮುಂದೆ ಒಂದು, ಹಿಂದೆ ಒಂದು, ಎರಡೂ ಅಲುಗುತ್ತಿಲ್ಲ. ನಾನು ಇಂಜಿನ್ ಆರಿಸಿದೆ. ಮುಚ್ಚಳ ಹಾಕಿದ ಡಬ್ಬಿಯೊಳಗೆ ಕೂತ ಹಾಗಿತ್ತು. ಅವಳು ಉಗುಳು ನುಂಗಿದ್ದು ನನಗೆ ಕೇಳಿಸಿತು. "ಕಿಟಕಿ ಇಳಿಸ್ಲಾ?" ಅಂದಳು. "ಧೂಳು ಬತ್ತದೆ, ಬ್ಯಾಡ" ಅಂದೆ. ಅರ್ಧ ಗಂಟೆ ಹಾಗೇ ಕೂತಿದ್ದೆವು. ನಾನು ಎಷ್ಟು ಹೆಮ್ಮೆಯಿಂದ ಕೂತಿದ್ದೆ...

ಮುಂದಿನ ವಾರ ಅವಳೇ, "ಮೇಸ್ತ್ರಿ ಅಂಗಡಿ ತಾವ ನಿಲ್ಸಿ. ಬಾಗ್ಲು ಯಾಕೋ ಬಿಗೀತಾ ಅದೆ" ಅಂದಳು. ಅವಳನ್ನು ಕಾರಿನಲ್ಲೇ ಬಿಟ್ಟು ನಾನು ಔಷಧಿ ತರಲು ಹೋದೆ. ಬಂದು ನೋಡಿದರೆ ಮೇಸ್ತ್ರಿ ಹಿಂದಿನ ಎಡಬಾಗಿಲಿನ ಒಳಬದಿಯ ಪ್ಯಾಡು ಬಿಚ್ಚಿ ಮತ್ತೆ ಕೂರಿಸುತ್ತಿದ್ದರು. ನನ್ನ ಮುಖ ನೋಡಲಿಲ್ಲ.

ಮದ್ದೂರು ದಾಟುವಷ್ಟರಲ್ಲಿ ಆ ಬಾಗಿಲು ಬಡಿದುಕೊಳ್ಳಲು ಶುರುವಾಯಿತು. ಮೊದಲು ಟಕಟಕ, ವೇಗ ಹೆಚ್ಚಾದರೆ ಗಡಗಡ. ಮಾರನೇ ದಿನವೇ ಹೋಗಿ ಅಕ್ಕಪಕ್ಕದ ಅಂಗಡಿಯವರ ಎದುರಿಗೇ ಕೂಗಾಡಿದೆ. "ಸದ್ದು ನಿಲ್ಸಿ ಅಂತ ಕೊಟ್ರೆ ಸದ್ದು ಕಟ್ಟಿ ಕಳ್ಸಿದ್ದೀರಲ್ರೀ!"

ಎದುರಿನ ಪಂಕ್ಚರ್ ಅಂಗಡಿಯವನು, "ಏನ್ಲಾ ಮೇಸ್ತ್ರಿ, ಕಿವಿಗೆ ಇರ್ವೆ ಓಗವಾ?" ಅಂತ ನಕ್ಕ. ಕಿವಿಯಿಂದಲೇ ಹೆಸರು ಗಳಿಸಿದ್ದ ಮನುಷ್ಯ. ತಲೆ ತಗ್ಗಿಸಿ, "ಆ ಬಾಗ್ಲು ನನ್ ಕೈಗೆ ಬಗ್ತಾ ಇಲ್ಲ ಕಣಣ್ಣ, ಬುಟ್ಬುಡಿ" ಅಂದರು. ಬೇರೆಯವರ ಹತ್ತಿರ ಮಾಡಿಸುತ್ತೇನೆ ಅಂದೆ. ಮನೆಯಲ್ಲಿ ಅವಳು, "ಇರ್ಲಿ ಬುಡಿ. ಅದೊಂದು ಸದ್ದು ನಂಗೇನ್ ಮಾಡ್ತದೆ" ಅಂದಳು. ಅವಳು ಮತ್ತೆ ಆ ಬಾಗಿಲಿಗೆ ಒರಗಿ ಕೂರತೊಡಗಿದಳು. ನನ್ನ ಕಣ್ಣು ರಸ್ತೆಯ ಮೇಲಿತ್ತು.

ಅವಳು ಹೋಗಿ ನಾಲ್ಕು ತಿಂಗಳಾದ ಮೇಲೆ ಮೇಸ್ತ್ರಿಯ ಹತ್ತಿರ ಹೋದೆ. "ಇನ್ನಾದ್ರೂ ಆ ಬಾಗ್ಲು ಸರಿ ಮಾಡ್ಕೊಡಿ" ಅಂದೆ. ಅವರು ಪ್ಯಾಡು ಬಿಚ್ಚಿ ನನ್ನನ್ನು ಹತ್ತಿರ ಕರೆದರು. ಬಾಗಿಲ ಹೊಟ್ಟೆಯಲ್ಲಿ ನಾರು ಇರಲಿಲ್ಲ. ಸೀಟು ಹೊಲಿಯುವ ದಪ್ಪ ದಾರದಲ್ಲಿ ಎರಡು ಕಬ್ಬಿಣದ ನಟ್ಟು ಕಟ್ಟಿ, ತಗಡಿಗೆ ತಾಗುವ ಹಾಗೆ ಇಳಿಬಿಟ್ಟಿದ್ದರು.

"ಅಕ್ಕ ಏಳಿ ಮಾಡ್ಸಿದ್ದು" ಅಂದರು. "ನಿಮ್ಗೆ ಏಳ್ಬ್ಯಾಡಿ ಅಂದಿದ್ರು. 'ಅಳಕ್ಕೆ ಅಂತ ನಂಗಿದ್ದಿದ್ದು ಇದೊಂದೇ ಜಾಗ ಮೇಸ್ತ್ರಿ, ಅದ್ನೂ ಮುಚ್ಬುಟ್ರಲ್ಲ' ಅಂದ್ರು. ನಾನೇನ್ ಮಾಡ್ಲಣ್ಣ..."

ನಾನು ಅಲ್ಲೇ ಅವರ ಹೊಲಿಗೆ ಮಿಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬೀದಿಯವರ ಎದುರು ನಾನು ಬೈದದ್ದಕ್ಕೆ ಕ್ಷಮೆ ಕೇಳಬೇಕಿತ್ತು. ನೆಲದ ಮೇಲಿದ್ದ ದಾರದ ತುಂಡೊಂದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡೆ. ಅವರು ನಟ್ಟುಗಳನ್ನು ಹಾಗೇ ಬಿಟ್ಟು ಪ್ಯಾಡು ಮುಚ್ಚಿದರು. ಆಮೇಲೆ ಎಷ್ಟೋ ಸಲ ಮದ್ದೂರಿಗೆ ಹೋದೆ, ಅಂಗಡಿ ಮುಂದೆ ನಿಲ್ಲಿಸಿ ಟೀ ಕುಡಿದೆ. ಆ ಒಂದು ಮಾತು ಮಾತ್ರ ಆಡಲಿಲ್ಲ.

ಆ ಬಾಗಿಲ ವಿಷಯ ಗೊತ್ತಿದ್ದವರು ಮೂವರು. ಈಗ ನಾನೊಬ್ಬನೇ.

ಮೊನ್ನೆ ತಿಥಿ ಮುಗಿಸಿ ಹೊರಟಾಗ ಮಗಳು ನನ್ನ ಪಕ್ಕ ಮುಂದೆ ಕೂತಳು. ಮಳವಳ್ಳಿ ರಸ್ತೆಗೆ ಹೊಸದಾಗಿ ಟಾರು ಹಾಕಿದ್ದಾರೆ. ಕಾರು ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಹಿಂದಿನ ಬಾಗಿಲು ಸದ್ದೇ ಮಾಡಲಿಲ್ಲ. ಬೆಲ್ಲದ ವಾಸನೆ, ಮಗಳ ಉಸಿರು, ನನ್ನ ಕಣ್ಣಿಗೆ ಮಂಜಾಗುತ್ತಿರುವ ರಸ್ತೆ. ಎಲ್ಲಿಗೂ ಹೋಗುವ ಹಾಗಿಲ್ಲ.

ಎಡಗಡೆಯ ಚಕ್ರಗಳನ್ನು ಟಾರಿನಿಂದ ಕೆಳಕ್ಕೆ, ಮಣ್ಣಿಗೆ ಇಳಿಸಿದೆ. ನಟ್ಟುಗಳು ತಗಡಿಗೆ ಬಡಿದವು.

"ರೋಡು ಇಷ್ಟ್ ಚೆನ್ನಾಗದೆ, ಮಣ್ಗ್ಯಾಕಪ್ಪ ಇಳಿಸ್ತೀಯ?" ಅಂತ ಮಗಳು ಗಟ್ಟಿಯಾಗಿ ಕೇಳಿದಳು.

"ಮುಂದೆ ಗುಂಡಿ ಅದೆ" ಅಂದೆ.

ಮುಂದೆ ಯಾವ ಗುಂಡಿಯೂ ಇರಲಿಲ್ಲ. ಅವಳು ನನ್ನನ್ನೊಮ್ಮೆ ನೋಡಿ, ವೇಲಿನ ತುದಿ ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಊರು ಬರುವವರೆಗೂ ನಾನು ಚಕ್ರವನ್ನು ಮೇಲಕ್ಕೆ ಹತ್ತಿಸಲಿಲ್ಲ.