ತತ್ತಿಯೊಳಗೆ ತಾಯಿ ಇಟ್ಟದ್ದು

ಎಂಬತ್ತರ ದಶಕದ ಆರಂಭದಲ್ಲಿ ನಾನು ಕೊಲ್ಹಾಪುರದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ಕಸಾಯಿಖಾನೆಯಿಂದ ಕುರಿಯ ಅಂಡಾಶಯ ತಂದು, ತೆಳುವಾಗಿ ಕೊಯ್ದು, ಬಣ್ಣ ಹಾಕಿ, ಅಂಡಾಣುವಿನಲ್ಲಿ ಆರ್‌ಎನ್‌ಎ ಎಲ್ಲಿದೆಯೆಂದು ನೋಡುವುದು ನನ್ನ ಕೆಲಸ. ಆರ್‌ಎನ್‌ಎ ಇದ್ದಲ್ಲಿ ಗುಲಾಬಿ ಬಣ್ಣ ಹಿಡಿಯುತ್ತದೆ. ಆರ್‌ಎನ್‌ಎಯನ್ನೇ ಕರಗಿಸುವ ಕಿಣ್ವ ಹಾಕಿದ ಸ್ಲೈಡಿನಲ್ಲಿ ಗುಲಾಬಿ ಉಳಿಯಬಾರದು. ಕಿಣ್ವ ಹಾಕಿದ್ದು, ಹಾಕದ್ದು, ನನ್ನ ಎರಡೂ ಸ್ಲೈಡುಗಳಲ್ಲಿ ಉಳಿದಿತ್ತು. ಹಾಗಾದರೆ ನಾನು ನೋಡುತ್ತಿರುವುದು ಏನು ಎಂದು ತಿಳಿಯದೆಯೇ ಶನಿವಾರ ಇಚಲಕರಂಜಿಗೆ, ಮನೆಗೆ ಬಂದೆ.

ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಎರಡನೆಯ ಸಲವೂ ಮೂರು ತಿಂಗಳಿಗೆ ಗರ್ಭ ಇಳಿದಿತ್ತು. ಅವರನ್ನು ಹಲಕರ್ಣಿಯ ತವರಿಗೆ ಕಳಿಸುವ ಮಾತು ನಡೆದಿತ್ತು. ಮತ್ತೆ ಕರೆತರುವ ಮಾತನ್ನು ಯಾರೂ ಆಡಿರಲಿಲ್ಲ.

ಅವ್ವ ಮಗ್ಗದ ಕಂಡಿಕಿಗೆ ನೂಲು ಸುತ್ತುತ್ತ ಅಂದಳು: “ನಮ್ಮ ಬೀಜ ಚಲೋ ಐತಿ. ಹೊಲಾನ ಹಿಡೀಲಿಲ್ಲಂದ್ರ ನಾವೇನ ಮಾಡೂನು?”

ನಾನು ಸುಮ್ಮನಿರಬಹುದಿತ್ತು. “ಹೆಂಗಸು ಬರೇ ಹೊಲ ಅಲ್ಲವ್ವಾ. ತತ್ತಿಯೊಳಗ ತಾಯಿ ಮೊದಲ ಆರ್‌ಎನ್‌ಎ ಕೂಡಿಟ್ಟಿರ್ತಾಳ. ಅದರ ಹೇಳಿಕಿ ಮ್ಯಾಲೇನ ಪ್ರೋಟೀನು ತಯಾರಾಗಿ ಪಿಂಡ ಮೊದಲ ನಾಕ ದಿನ ಬೆಳೀತೈತಿ. ತಂದೀದು ಆಮ್ಯಾಲ.”

ಅವ್ವನ ಕೈ ನಿಂತಿತು. “ಅಂದ್ರ ಕೆಟ್ಟರ ತಾಯಿಂದಾನ ಕೆಟ್ಟತಿ. ಓದಲಾರದ ನಾ ಹೇಳಿದ್ದನ್ನ ನೀ ಓದಿ ಹೇಳಿದಿ.”

“ಅದು ಕುರೀದವ್ವಾ, ನಾಕ ದಿನದ್ದು. ಇವರದು ಮೂರು ತಿಂಗಳ—”

“ಕುರಿ ಆದ್ರೇನು, ಹೆಣ್ಣ ಹೌದಲ್ಲ?”

ವೈನಿ ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಮರುದಿನ ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನವರೆಗೆ ಅವರನ್ನು ಬಿಡಲು ನಾನೇ ಹೋದೆ. ಹಲಕರ್ಣಿಯ ಬಸ್ಸು ಬಂದಾಗ ವೈನಿ ಕೇಳಿದರು:

“ಖರೆ ಹೇಳ್ರಿ, ನನ್ನೊಳಗ ಏನರ ಕಮ್ಮಿ ಇತ್ತೇನ್ರಿ?”

“ಮೂರು ತಿಂಗಳದ್ದು ನಾ ಓದಿಲ್ರಿ. ನನಗ ಗೊತ್ತಿಲ್ಲ.”

“ಅತ್ತಿಯವರ ಮುಂದ ಗೊತ್ತಿದ್ದವರಂಗ ಹೇಳಿದ್ರಲ್ಲ,” ಎಂದು ಗಂಟನ್ನು ಬಗಲಿಗಿಟ್ಟುಕೊಂಡು ಹತ್ತಿದರು.

ಸೋಮವಾರ ಕೊಲ್ಹಾಪುರದ ಲ್ಯಾಬಿನಲ್ಲಿ ಕಿಣ್ವವನ್ನು ಹೊಸದಾಗಿ ಕಲೆಸಿ ಮತ್ತೆ ಸ್ಲೈಡು ಮಾಡಿದೆ. ಈ ಸಲ ಕಿಣ್ವ ಹಾಕಿದ್ದರಲ್ಲಿ ಗುಲಾಬಿ ಪೂರ್ತಿ ಹೋಗಿತ್ತು. ಮೊದಲಿನ ಕಿಣ್ವ ಹಳತಾಗಿ ಕೆಟ್ಟಿರಬೇಕು ಎಂದರು ನನ್ನ ಗೈಡ್ ಸರ್. ಸಂಜೆ ಒಂದು ಇನ್‌ಲ್ಯಾಂಡ್ ಪತ್ರ ತಂದು ವೈನಿಯ ತವರಿನ ವಿಳಾಸ ಬರೆದೆ. ಒಳಗೆ “ನಿಮ್ಮ ತಪ್ಪಲ್ಲ” ಎಂದು ಬರೆಯಲು ಹೋದೆ. ಅದು ನನಗೆ ಗೊತ್ತಿತ್ತೇ? ಗೊತ್ತಿಲ್ಲವೆಂದು ಒಮ್ಮೆ ಹೇಳಿಯಾಗಿತ್ತು. ಒಳಗೆ ಏನೂ ಬರೆಯದೆ ಪತ್ರವನ್ನು ಮಡಚಿ, ಸ್ಲೈಡಿನ ಪೆಟ್ಟಿಗೆಯ ಕೆಳಗೆ ಇಟ್ಟೆ.